ದೇವಿಯ ಪೀಠದಲ್ಲಿದ್ದ ಅಶೋಕನ ಕಲ್ಲು





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದ ಹನ್ನೊಂದು ಜನ ಒಂದು ಕ್ರೂಸರ್ ಮಾಡಿಕೊಂಡು ಸಿಂಧನೂರಿನಿಂದ ನಸುಕಿನಲ್ಲೇ ಹೊರಟು, ಮಸ್ಕಿ, ಕನಗನಹಳ್ಳಿ, ಸನ್ನತಿ ನೋಡಿಕೊಂಡು ರಾತ್ರಿ ಊರು ಸೇರಿದೆವು. ಬರಲಾಗದವರು "ಹೆಂಗಿತ್ತು, ಬರೀರಿ ಮೇಡಂ" ಎಂದು ಗ್ರೂಪಿನಲ್ಲಿ ಕೇಳುತ್ತಲೇ ಇದ್ದೀರಿ. ಫೋಟೋಗಳನ್ನು ಹುಡುಗರು ಆಗಲೇ ಹಾಕಿದ್ದಾರೆ. ಎಲ್ಲಿ ಏನು ನೋಡಿದೆವು ಎಂಬ ಪಟ್ಟಿ ಕೊಡುವುದಕ್ಕಿಂತ, ವಾಪಸು ಬರುವಾಗ ಗಾಡಿಯಲ್ಲಿ ಎರಡು ತಾಸು ನಡೆದ ಒಂದು ವಾದದ ಬಗ್ಗೆ ಇಂದಿನ ಚಿಂತನೆ ಬರೆಯಬೇಕೆನಿಸಿತು. ಆ ವಾದ ಸನ್ನತಿಯ ಒಂದು ಕಲ್ಲಿನ ಬಗ್ಗೆ. ಅದು ಅರ್ಥವಾಗಬೇಕಾದರೆ ಮೊದಲು ನಮ್ಮದೇ ಮಸ್ಕಿಯ ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಮಸ್ಕಿ ನಮಗೆ ಹೊಸದಲ್ಲ. ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಆ ಗುಡ್ಡವನ್ನು ಎಲ್ಲರೂ ನೋಡಿದವರೇ. ಆದರೂ ನಮ್ಮ ಹನ್ನೊಂದು ಜನರಲ್ಲಿ ಏಳು ಮಂದಿ ಶಾಸನದ ಬಂಡೆಯವರೆಗೆ ಹೋಗಿರಲಿಲ್ಲ. ಹತ್ತಿರ ಇದ್ದದ್ದು ಯಾವಾಗಲೂ ನೋಡಬಹುದಲ್ಲ ಎಂದು ಉಳಿದುಬಿಡುತ್ತದೆ. 1915ರ ಜನವರಿ 27ರಂದು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಈ ಬಂಡೆಯ ಬರಹವನ್ನು ಗುರುತಿಸಿದರು. ಅವರು ಹುಡುಕುತ್ತಿದ್ದದ್ದು ಚಿನ್ನವನ್ನು. ನಮ್ಮ ಹಟ್ಟಿಯ ಸುತ್ತಮುತ್ತ ಹಳೆಯ ಕಾಲದಿಂದಲೂ ಚಿನ್ನ ತೆಗೆದ ಗುರುತುಗಳಿವೆ. ಅದೇ ಜಾಡಿನಲ್ಲಿ ಬಂದವರಿಗೆ ಇದು ಸಿಕ್ಕಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಅದರ ಮಹತ್ವ ನಿಮಗೆ ಗೊತ್ತೇ ಇದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ ಮೇಲೆ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ "ದೇವಾನಾಂಪಿಯ ಪಿಯದಸಿ" ಎಂಬ ಬಿರುದು ಮಾತ್ರ ಕಾಣುತ್ತಿತ್ತು. ಈ ಪಿಯದಸಿ ಯಾರು ಎಂಬುದಕ್ಕೆ ಸಿಂಹಳದ ಪಾಳಿ ಗ್ರಂಥಗಳ ಕಡೆ ನೋಡಬೇಕಿತ್ತು. ಕಲ್ಲಿನ ಮೇಲೆಯೇ "ಅಸೋಕ" ಎಂಬ ಹೆಸರು ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಹೊಳೆ ದಾಟಿದರೆ ಸಿಗುವ ನಮ್ಮ ಪಕ್ಕದ ನಿಟ್ಟೂರಿನಲ್ಲೂ ಆ ಹೆಸರು ದೊರೆಯಿತು.

ಇಷ್ಟನ್ನು ಎಲ್ಲ ಗೈಡ್ ಪುಸ್ತಕಗಳೂ ಹೇಳುತ್ತವೆ, ಪರೀಕ್ಷೆಗೂ ಇದೇ ಪ್ರಶ್ನೆ ಬರುತ್ತದೆ. ಹೆಸರು ಸಿಕ್ಕ ಸಂತೋಷದಲ್ಲಿ ಶಾಸನ ಹೇಳುವ ಮಾತನ್ನು ನಾವು ಮರೆತುಬಿಡುತ್ತೇವೆ ಎಂಬುದು ನನ್ನ ದೂರು. ಎಂಟು ಸಾಲಿನ ಆ ಬರಹದ ಒಟ್ಟು ಅರ್ಥ ಹೀಗಿದೆ. ತಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು. ಸಂಘದ ಹತ್ತಿರ ಬಂದು ಶ್ರಮಪಡಲು ತೊಡಗಿ ಒಂದು ವರ್ಷದ ಮೇಲಾಯಿತು. ಇದರ ಫಲ ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಧಮ್ಮದಲ್ಲಿ ತೊಡಗಿದರೆ ಚಿಕ್ಕವನೂ ಪಡೆಯಬಲ್ಲ. ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕು. ಇದೇ ಶಾಸನದ ಬ್ರಹ್ಮಗಿರಿ ಪಾಠದಲ್ಲಿ ಇನ್ನೊಂದು ಮಾತಿದೆ: ಮೊದಲ ಒಂದು ವರ್ಷ ತಾನು ಸರಿಯಾಗಿ ಶ್ರಮಪಡಲಿಲ್ಲ ಎಂದು ಅರಸ ತಾನೇ ಹೇಳಿಕೊಳ್ಳುತ್ತಾನೆ. ಪಂಚಶೀಲ ತೆಗೆದುಕೊಂಡು ಆಮೇಲೆ ಸಡಿಲಬಿಟ್ಟ ನಮ್ಮಂಥವರಿಗೆ ಇದಕ್ಕಿಂತ ಸಮಾಧಾನದ ಸಾಲು ಇನ್ನೊಂದಿಲ್ಲ. ಗೆದ್ದ ಯುದ್ಧಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸರು ಬಹಳ. ತನ್ನ ಸೋಮಾರಿತನವನ್ನು ಕೆತ್ತಿಸಿದವರು ಎಷ್ಟು ಮಂದಿ?

ಚಿಕ್ಕವನು ಎಂಬುದಕ್ಕೆ ಬಂಡೆಯ ಮೇಲಿರುವ ಪದ "ಖುದಕ". ಸಂಸ್ಕೃತದ ಕ್ಷುದ್ರಕ. ಕನ್ನಡದಲ್ಲಿ ಕ್ಷುದ್ರ ಎಂದರೆ ಈಗ ಬೈಗುಳ, ಅದಕ್ಕೇ ಇದನ್ನು ಓದುವಾಗ ಎಚ್ಚರ ಬೇಕು. ಇಲ್ಲಿ ಅದು ಬರೀ ಸಣ್ಣವ, ಸಾಮಾನ್ಯ ಮನುಷ್ಯ ಅಷ್ಟೆ. ನಮ್ಮ ಜೊತೆ ಬಂದಿದ್ದ ಕಾಕಾ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿದವರು. ಓದು ಬರುವುದಿಲ್ಲ, ಆದರೆ ನಮ್ಮ ಬಳಗದ ಒಂದು ಭಾನುವಾರವನ್ನೂ ತಪ್ಪಿಸಿದವರಲ್ಲ. ಅವರು ಬಂಡೆಯನ್ನೇ ನೋಡುತ್ತ ಕೇಳಿದರು: "ಅಕ್ಕೋರ, ಖುದಕ ಅಂದ್ರ ನಮ್ಮಂಥೋರು ಏನ್ರಿ?" ಹೌದು ಎಂದೆ. "ಅಂದ್ರ ನಮ್ಮ ಹೆಸರೂ ಬರದಾನ ಅಂದಂಗಾತು" ಎಂದು ನಕ್ಕರು. ನಾನು ಎಂ.ಎ. ಓದುವಾಗ ಈ ಶಾಸನದ ಮೇಲೆ ಹತ್ತು ಅಂಕದ ಟಿಪ್ಪಣಿ ಬರೆದಿದ್ದೇನೆ. ಅದರಲ್ಲಿ ಈ ವಾಕ್ಯ ಇರಲಿಲ್ಲ.

ಮುಂದಿನ ದಾರಿಯನ್ನು ಬೇಗ ದಾಟಿಬಿಡೋಣ. ಲಿಂಗಸುಗೂರು, ಗುರುಗುಂಟ, ತಿಂಥಣಿ ಬ್ರಿಜ್ಜು. ಕೃಷ್ಣೆಯ ದಂಡೆಯಲ್ಲಿ ಮೌನೇಶ್ವರನ ಗುಡಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವುದನ್ನು ನೋಡುತ್ತ ಹೋದೆವು. ಸುರಪುರ ದಾಟಿ ಶಹಾಪುರಕ್ಕೆ ಬಂದಾಗ ಎಲ್ಲರೂ ಕಿಟಕಿಯ ಕಡೆ. ಅಲ್ಲಿಯ ಬೆಟ್ಟಗಳ ಸಾಲು ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದಲ್ಲ, ಅದಕ್ಕೆ. ನೋಡಲು ಚೆಂದವೇ. ಆದರೆ ಅದು ಗಾಳಿ ಮಳೆ ಮಾಡಿದ ಆಕಾರ. ಮನುಷ್ಯರು ಶ್ರಮಪಟ್ಟು ಮಾಡಿದ್ದು ಇನ್ನೂ ಮುಂದಿದೆ ಎಂದು ಹುಡುಗರನ್ನು ಅವಸರಪಡಿಸಿದೆ. ರಸ್ತೆ ಬದಿಯ ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿ ಉಂಡೆವು.

ಕನಗನಹಳ್ಳಿ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ಬದಿಗೆ, ಸನ್ನತಿಯ ಪಕ್ಕದಲ್ಲೇ ಇದೆ. ಗುಡಿ ನೋಡುತ್ತೇವೆ ಎಂಬ ಎಣಿಕೆಯಲ್ಲಿ ಹೋದರೆ ನಿರಾಸೆಯಾಗುತ್ತದೆ. ಸ್ತೂಪಕ್ಕೆ ಗರ್ಭಗುಡಿ ಇರುವುದಿಲ್ಲ, ಬಾಗಿಲು ಇರುವುದಿಲ್ಲ, ಒಳಗೆ ಹೋಗಲು ಬರುವುದಿಲ್ಲ. ಸುತ್ತ ನಡೆಯಬೇಕು, ನಡೆಯುತ್ತ ಗೋಡೆಯ ಚಿತ್ರಗಳನ್ನು ಓದಬೇಕು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂಬ ಪ್ರಶ್ನೆಯೇ ಏಳದ ಕಟ್ಟಡ ಅದು. ಇದನ್ನು ಹೇಳಿದಾಗ ನಮ್ಮ ಬಳಗದ ಹಿರಿಯ ಹೆಣ್ಣುಮಕ್ಕಳಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಹೆಚ್ಚು ವಿವರಿಸುವ ಅಗತ್ಯ ಇರಲಿಲ್ಲ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಿಂದ ಕೆಲವು ವರ್ಷ ಇಲ್ಲಿ ಉತ್ಖನನ ನಡೆಸಿತು. ಕೆ.ಪಿ. ಪೂಣಚ್ಚ ಅವರ ವರದಿ ನಂತರ ಪುಸ್ತಕವಾಗಿ ಬಂದಿದೆ. ದಿಬ್ಬದ ಮಣ್ಣು ಸರಿದಂತೆ ಹೊರಬಂದದ್ದು ಶಾತವಾಹನರ ಕಾಲದ ದೊಡ್ಡದೊಂದು ಸ್ತೂಪ. ಅಲ್ಲಿನ ಬರಹಗಳೇ ಅದನ್ನು ಅಧೋಲೋಕ ಮಹಾಚೈತ್ಯ ಎಂಬ ಅರ್ಥದ ಹೆಸರಿನಿಂದ ಕರೆಯುತ್ತವೆ. ಕಲ್ಲು ಆ ಸೀಮೆಯದೇ, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಪರಸಿಯ ಬಳಗದ ಸುಣ್ಣಕಲ್ಲು. ದಿನಾ ಕಸಗುಡಿಸುವ ಕಲ್ಲಿನ ಅಣ್ಣತಮ್ಮಂದಿರು ಇಲ್ಲಿ ಜಾತಕ ಕತೆ ಹೇಳುತ್ತಿದ್ದಾರೆ.

ನಾವು ಬುದ್ಧನ ಮುಖ ಹುಡುಕುತ್ತ ಹೋಗುತ್ತೇವೆ. ಹಳೆಯ ಫಲಕಗಳಲ್ಲಿ ಆತ ಕಾಣುವುದೇ ಇಲ್ಲ. ಖಾಲಿ ಪೀಠವೊಂದು ಇರುತ್ತದೆ, ಅದರ ಮುಂದೆ ಪಾದದ ಗುರುತು, ಮೇಲೆ ಬೋಧಿವೃಕ್ಷ, ಇಲ್ಲವೆ ಧಮ್ಮಚಕ್ರ. ಸುತ್ತ ಕೈಮುಗಿದ ಜನ. ಅವರ ಕಣ್ಣೆಲ್ಲ ಆ ಖಾಲಿ ಜಾಗದ ಮೇಲೆ. ಒಂದು ಕಡೆ ಕೂತು ನೋಡಿ ಎಂದೆ, ಹತ್ತು ನಿಮಿಷ ಯಾರೂ ಮಾತಾಡಬೇಡಿ ಎಂದೆ. ಆನಾಪಾನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಈವರೆಗೆ ಸಿಕ್ಕಿಲ್ಲ. (ಮುಂದೆ ಹೋಗುವವರು ಬೇಸಿಗೆಯಲ್ಲಿ ಹೋಗಬೇಡಿ. ನೆರಳು ಕಡಿಮೆ, ಕಾದ ಕಲ್ಲಿನ ಮೇಲೆ ಧ್ಯಾನ ನಿಲ್ಲುವುದಿಲ್ಲ.)

ಇಲ್ಲಿ ಸಿಕ್ಕ ಫಲಕಗಳಲ್ಲಿ ಬಹಳ ಪ್ರಸಿದ್ಧವಾದದ್ದು ಅಶೋಕನದು. ರಾಣಿ, ಛತ್ರ ಚಾಮರ ಹಿಡಿದ ಸೇವಕಿಯರು, ನಡುವೆ ಅರಸ. ಮೇಲೆ ಬ್ರಾಹ್ಮಿಯಲ್ಲಿ "ರಾಯೊ ಅಸೋಕೊ" ಎಂದು ಬರೆದಿದೆ. ಎಂಟನೆಯ ತರಗತಿಯಲ್ಲಿ ರಾಜ ಎಂಬುದರ ತದ್ಭವ ರಾಯ ಎಂದು ಬಾಯಿಪಾಠ ಮಾಡಿಸುತ್ತೇವಲ್ಲ, ಆ ರಾಯ ಇಲ್ಲಿ ಕಲ್ಲಿನ ಮೇಲೆ ಇದ್ದಾನೆ. ಅಶೋಕ ಸತ್ತು ಶತಮಾನಗಳಾದ ಮೇಲೂ ಭೀಮಾ ತೀರದ ಶಿಲ್ಪಿಗಳಿಗೆ ಆತ ನೆನಪಿನಲ್ಲಿದ್ದ ಎಂಬುದಕ್ಕೆ ಅದು ಸಾಕ್ಷಿ.

ಆದರೆ ನನಗೆ ಅರಸನ ಫಲಕಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಇಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಬರಹಗಳಿವೆ. ಅವುಗಳಲ್ಲಿ ಎಷ್ಟೋ ದಾನದ ಬರಹಗಳು. ಇಂಥವರ ದಾನ, ಇಂಥವರ ಮಗಳ ದಾನ, ಇಂಥ ಭಿಕ್ಖುಣಿಯ ದಾನ. ಗೃಹಸ್ಥರು, ವ್ಯಾಪಾರಿಗಳು, ಹೆಣ್ಣುಮಕ್ಕಳು, ಭಿಕ್ಖುಗಳು ಒಂದೊಂದು ಫಲಕ, ಒಂದೊಂದು ಹಾಸುಗಲ್ಲು ಕೊಟ್ಟು ಎಬ್ಬಿಸಿದ ಸ್ತೂಪ ಅದು. ಕಾಕಾ ಮಸ್ಕಿಯಲ್ಲಿ ಹೇಳಿದ ಮಾತು ಇಲ್ಲಿ ನಿಜವಾಗಿಯೇ ಅಕ್ಷರದಲ್ಲಿತ್ತು.

ಪಿಯುಸಿ ಓದುವ ನಮ್ಮ ಹುಡುಗಿ ಮಾತ್ರ ಅಷ್ಟಕ್ಕೆ ಒಪ್ಪಲಿಲ್ಲ. "ಕೊಟ್ಟೋರ ಹೆಸರು ಅದಾವ ಮೇಡಂ, ಕಲ್ಲು ಹೊತ್ತೋರ ಹೆಸರು ಎಲ್ಲಿ ಅದಾವ?" ಅವಳ ಅವ್ವ ಗೌಂಡಿ ಕೆಲಸಕ್ಕೆ ಹೋಗುವಾಕೆ, ದಿನಾ ಇಟ್ಟಂಗಿ ಹೊರುವಾಕೆ. ಆ ಪ್ರಶ್ನೆಗೆ ಸಮಾಧಾನ ಹೇಳಿ ಮುಗಿಸಬಾರದು ಎನಿಸಿತು. ಧಮ್ಮದ ಕಟ್ಟಡವಾದರೂ ಹೊತ್ತವರ ಹೆಸರು ಬಿಟ್ಟುಹೋಗುತ್ತದೆ ಎಂಬುದನ್ನು ನಾವೂ ನೆನಪಿಡೋಣ ಎಂದು ಮಾತ್ರ ಹೇಳಿದೆ. ಮುಂದೆ ನಮ್ಮ ಬಳಗ ಒಂದು ವಿಹಾರ ಕಟ್ಟುವ ದಿನ ಬಂದರೆ ದೇಣಿಗೆಯ ಫಲಕದ ಪಕ್ಕದಲ್ಲಿ ಗೌಂಡಿಗಳ ಹೆಸರಿಗೂ ಒಂದು ಪರಸಿ ಬೇಕು. ಇದನ್ನು ಠರಾವಿನಂತೆ ಬರೆದಿಟ್ಟುಕೊಳ್ಳಿ.

ಇನ್ನು ಆ ಕಲ್ಲಿನ ಮಾತು.

ಸನ್ನತಿಯಲ್ಲಿ ಭೀಮೆಯ ದಂಡೆಯ ಮೇಲೆ ಚಂದ್ರಲಾಂಬ ದೇವಿಯ ಗುಡಿ ಇದೆ. ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಆಕೆ ಕುಲದೇವತೆ. ಅದೇ ಆವರಣದಲ್ಲಿ ಕಾಳಿಯ ಗುಡಿಯೂ ಇತ್ತು. 1986ರಲ್ಲಿ ಆ ಗುಡಿಯ ಮೇಲ್ಛಾವಣಿ ಕುಸಿದುಬಿತ್ತು. ಅವಶೇಷ ತೆಗೆಯುವಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಕ್ಷರಗಳಿರುವುದು ಬೆಳಕಿಗೆ ಬಂತು. ಓದಿದಾಗ ಅದು ಅಶೋಕನ ಶಾಸನ. ಕಲ್ಲಿನ ಎರಡೂ ಬದಿಗೆ ಬರಹ. ಒಂದು ಬದಿಗೆ 12ನೆಯ ಮತ್ತು 14ನೆಯ ಬಂಡೆಶಾಸನಗಳ ಪಾಠ. ಇನ್ನೊಂದು ಬದಿಗೆ, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ಕುಳಿ ಕೊರೆದಿದ್ದರು, ಅಲ್ಲಿದ್ದ ಅಕ್ಷರಗಳು ಹೋದವು.

ಗುಡಿಯ ಅಂಗಳದಲ್ಲಿ ಕುಳಿತು ಪುಸ್ತಕದಲ್ಲಿದ್ದ ಆ ಕಲ್ಲಿನ ಚಿತ್ರ ತೋರಿಸಿ ಇದನ್ನು ವಿವರಿಸುತ್ತಿದ್ದೆ. ಐಟಿಐ ಮುಗಿಸಿದ ನಮ್ಮ ಹುಡುಗನೊಬ್ಬ ಅಷ್ಟರಲ್ಲೇ ಎದ್ದು ಹೋಗಿ ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಂಡು ಬಂದ. ನಮ್ಮ ಧಮ್ಮದ ಕಲ್ಲನ್ನು ಕೊರೆದು ಮೇಲೆ ತಮ್ಮ ದೇವರನ್ನು ಕೂರಿಸಿದರು, ನೋಡಿ ಇವರ ಬುದ್ಧಿ, ಎಂಬ ಧಾಟಿ. ಕೊನೆಗೆ ದೇವಿಯ ಬಗ್ಗೆ ಒಂದು ಮಾತು, ಅದನ್ನು ಇಲ್ಲಿ ಬರೆಯುವುದಿಲ್ಲ. ಗಾಡಿ ಹತ್ತಿದ ಮೇಲೆ ನಮಗೆಲ್ಲ ತೋರಿಸಿದ. ರಾತ್ರಿ ಸ್ಟೇಟಸ್‌ಗೆ ಹಾಕುತ್ತೇನೆ ಎಂದ. ವಾದ ಅಲ್ಲಿಂದ ಶುರುವಾಯಿತು.

ನಾನು ಮೊದಲು ಹೇಳಿದ್ದು ಇತಿಹಾಸದ ಮಾತು. ಆ ಕುಳಿ ಕೊರೆದ ಕಲ್ಲುಕುಟಿಗನಿಗೆ ಅದು ಅಶೋಕನ ಮಾತೆಂದು ಗೊತ್ತಿರಲು ಸಾಧ್ಯವೇ? ಬ್ರಾಹ್ಮಿ ಓದುವುದನ್ನು ಇಡೀ ದೇಶವೇ ಮರೆತಿತ್ತು. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದಿಲ್ಲಿಗೆ ತರಿಸಿ ಪಂಡಿತರನ್ನು ಕೂಡಿಸಿದರೂ ಓದಬಲ್ಲವರು ಒಬ್ಬರೂ ಸಿಗಲಿಲ್ಲ. ಕಲ್ಲುಕುಟಿಗ ನೋಡಿದ್ದು ಒಂದು ಒಳ್ಳೆಯ ಸಪಾಟು ಕಲ್ಲನ್ನು. ಅದಕ್ಕೆ ಹುಡುಗ ಕೊಟ್ಟ ಉತ್ತರವೂ ಸರಿಯಾಗಿತ್ತು: "ಗೊತ್ತಿಲ್ದ ಮಾಡಿದ್ರೂ ಹೋದ ಅಕ್ಷರ ಹೋದ್ವಲ್ರೀ ಮೇಡಂ. ನಮ್ಮದು ಏನೇನು ಹೋಗೈತಿ, ಎಲ್ಲಾ ಹಿಂಗ ಹೋಗಿದ್ದು. ಬಾಯಿ ಮುಚ್ಕೊಂಡು ಇದ್ದಿದ್ದಕ್ಕ ಹೋಗಿದ್ದು." ಗಾಡಿಯಲ್ಲಿ ಅರ್ಧ ಜನ ಅವನ ಕಡೆಗೇ ಇದ್ದರು. ಅವರ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳಲಾರೆ. ಇಂದಿಗೂ ಊರಿನ ಹೋಟೆಲ್ಲಿನಲ್ಲಿ ಬೇರೆ ಲೋಟ, ಗುಡಿಯ ಮೆಟ್ಟಿಲ ಮೇಲೆ ತಡೆ ಕಂಡವರು ಅವರು.

ಆಗ ನಾನು ಕಲ್ಲಿನ ಮೇಲೆ ಏನು ಬರೆದಿದೆ ಎಂಬುದಕ್ಕೆ ಬಂದೆ. ಸನ್ನತಿಯ ಕಲ್ಲಿನಲ್ಲಿ 12ನೆಯ ಶಾಸನದ ಒಂದು ಭಾಗ ಮಾತ್ರ ಉಳಿದಿದೆ. ಪೂರ್ಣಪಾಠ ಗಿರ್ನಾರ್ ಮೊದಲಾದ ಕಡೆ ಸಿಗುತ್ತದೆ. ಅದರ ವಿಷಯ ಒಂದೇ: ಬೇರೆ ಬೇರೆ ಮತದವರು ಒಂದೇ ನೆಲದ ಮೇಲೆ ಹೇಗೆ ಬಾಳಬೇಕು. ಅರಸನಿಗೆ ದಾನಕ್ಕಿಂತ, ಪೂಜೆಗಿಂತ ಮುಖ್ಯವಾಗಿ ಬೇಕಾದದ್ದು ಎಲ್ಲ ಮತಗಳ ತಿರುಳು ಬೆಳೆಯುವುದು. ಅದಕ್ಕೆ ಬೇರು ಮಾತಿನ ಹತೋಟಿ. ಗಿರ್ನಾರಿನ ಪದ "ವಚಿಗುತಿ", ವಾಕ್ಕನ್ನು ಕಾಯುವುದು. ತನ್ನ ಮತದ ಮೇಲಿನ ಭಕ್ತಿಯಿಂದಲೇ ಇನ್ನೊಬ್ಬರ ಮತವನ್ನು ಹೀಗಳೆಯುವವನು ತನ್ನ ಮತಕ್ಕೇ ಹೆಚ್ಚು ಪೆಟ್ಟು ಕೊಡುತ್ತಾನೆ ಎನ್ನುತ್ತಾನೆ ಅಶೋಕ. ಒಬ್ಬರ ಧಮ್ಮವನ್ನು ಒಬ್ಬರು ಕೇಳಬೇಕು ಎನ್ನುತ್ತಾನೆ.

ದೇವಿಯ ವಿಗ್ರಹದ ಕೆಳಗೆ ಅಷ್ಟು ಕಾಲ ಇದ್ದ ಮಾತು ಇದು. ಇದೇ ಕಲ್ಲನ್ನು ಹಿಡಿದುಕೊಂಡು ದೇವಿಯನ್ನು ಬೈಯುವುದು ಯಾವ ಲೆಕ್ಕ ಎಂದು ಕೇಳಿದೆ. ಗಾಡಿ ಸ್ವಲ್ಪ ಹೊತ್ತು ಸುಮ್ಮನಾಯಿತು.

ಆದರೆ ಈ ಶಾಸನವನ್ನು "ಯಾರಿಗೂ ಏನೂ ಅನ್ನಬೇಡಿ" ಎಂದು ಓದುವುದೂ ನನಗೆ ಒಪ್ಪಿಗೆಯಿಲ್ಲ. ಭಾಷಣಗಳಲ್ಲಿ ಹಾಗೆ ಓದುವವರು ಬಹಳ. ಅಶೋಕನ ಪದಗಳನ್ನು ಗಮನವಿಟ್ಟು ನೋಡಿ. ಪ್ರಕರಣವಿಲ್ಲದೆ ತನ್ನ ಮತವನ್ನು ಹೊಗಳಿಕೊಳ್ಳಬಾರದು, ಪರರ ಮತವನ್ನು ತೆಗಳಬಾರದು. ಪ್ರಕರಣ ಬಂದಾಗ? ಆಗಲೂ ಲಘುವಾಗಿರಬೇಕು, ಅಂದರೆ ಹಿತಮಿತವಾಗಿ. ನಮಗೆ ಈಗ ಪ್ರಕರಣ ಎಂದರೆ ಪೊಲೀಸ್ ಠಾಣೆಯಲ್ಲಿ ದಾಖಲಾಗುವಂಥದ್ದು. ಅಲ್ಲಿ ಅದರ ಅರ್ಥ ಸಂದರ್ಭ, ತಕ್ಕ ಕಾರಣ. ಎಂದರೆ ಟೀಕೆಗೆ ಬಾಗಿಲು ಹಾಕಿಲ್ಲ. ಕಾರಣ ಇದೆಯೇ, ಅಳತೆ ಇದೆಯೇ ಎಂದು ಕೇಳಲಾಗಿದೆ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ನಡೆದದ್ದು ಪ್ರಕರಣವಿದ್ದಾಗ. ಕುಡಿಯುವ ನೀರಿನ ಪ್ರಶ್ನೆ ಅದು. ಅವರ ಬರಹಗಳಲ್ಲಿ ಕಟುವಾದ ಟೀಕೆ ಇದೆ, ಪ್ರತಿಯೊಂದರ ಹಿಂದೆ ಆಧಾರವೂ ಇದೆ, ವರ್ಷಗಟ್ಟಲೆಯ ಓದೂ ಇದೆ. ಲೋಟ ಬೇರೆ ಇಡುವ ಹೋಟೆಲ್ಲಿನ ಮುಂದೆ ನಿಂತು ಕೇಳುವುದು ಪ್ರಕರಣ. ಕಾಳಿಯ ಬಗ್ಗೆ ಹಗುರ ಮಾತಾಡಿ ಸ್ಟೇಟಸ್ ಹಾಕುವುದರಲ್ಲಿ ಯಾವ ಪ್ರಕರಣವಿದೆ? ಆ ದೇವಿಗೆ ಉಡಿ ತುಂಬುವ ಹೆಣ್ಣುಮಕ್ಕಳಲ್ಲಿ ನಮ್ಮ ಓಣಿಯವರೇ ಎಷ್ಟು ಮಂದಿ ಇದ್ದಾರೆ. ಪೆಟ್ಟು ಬೀಳುವುದು ಅವರಿಗೆ, ಲೋಟ ಬೇರೆ ಇಟ್ಟವನಿಗಲ್ಲ.

ಇದಕ್ಕೆ ಸುತ್ತಪಿಟಕದ ಆಧಾರವನ್ನೂ ಕೇಳಿದ್ದೀರಿ, ಅದಕ್ಕೇ ಬರೆಯುತ್ತೇನೆ. ದೀಘನಿಕಾಯದ ಮೊಟ್ಟಮೊದಲ ಸುತ್ತ ಬ್ರಹ್ಮಜಾಲ. ಅದು ಆರಂಭವಾಗುವುದೂ ಒಂದು ಪ್ರಯಾಣದಲ್ಲಿ, ದಾರಿಯ ಮಾತಿನಲ್ಲಿ. ರಾಜಗಹದಿಂದ ನಾಲಂದದ ಕಡೆ ಬುದ್ಧರು ಭಿಕ್ಖುಗಳೊಂದಿಗೆ ನಡೆಯುತ್ತಿದ್ದಾರೆ. ಹಿಂದೆ ಸುಪ್ಪಿಯನೆಂಬ ಪರಿವ್ರಾಜಕ ಬುದ್ಧ, ಧಮ್ಮ, ಸಂಘಗಳನ್ನು ಬೈಯುತ್ತ ಬರುತ್ತಿದ್ದಾನೆ. ಅವನ ಶಿಷ್ಯ ಬ್ರಹ್ಮದತ್ತ ಹೊಗಳುತ್ತ ಬರುತ್ತಿದ್ದಾನೆ. ಮರುದಿನ ನಸುಕಿನಲ್ಲಿ ಭಿಕ್ಖುಗಳು ಇದನ್ನೇ ಮಾತಾಡುತ್ತಿರುವಾಗ ಬುದ್ಧರು ಹೇಳುವ ಮಾತಿನ ಸಾರ ಇದು. ನಮ್ಮನ್ನು ಯಾರಾದರೂ ಬೈದರೆ ನೀವು ಸಿಟ್ಟಾಗಬೇಡಿ, ಸಿಟ್ಟಾದರೆ ಅಡ್ಡಿಯಾಗುವುದು ನಿಮಗೇ. ಸಿಟ್ಟಿನಲ್ಲಿದ್ದಾಗ ಅವರು ಹೇಳಿದ್ದು ಸರಿಯೋ ತಪ್ಪೋ ನಿಮಗೆ ತಿಳಿದೀತೇ? ತಪ್ಪಿದ್ದರೆ ಇದು ಹೀಗಲ್ಲ, ಇದು ನಮ್ಮಲ್ಲಿಲ್ಲ ಎಂದು ಬಿಡಿಸಿ ಹೇಳಿ. ಹೊಗಳಿದರೂ ಅಷ್ಟೇ, ಉಬ್ಬಬೇಡಿ.

ಬಿಡಿಸಿ ಹೇಳಿ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಬುದ್ಧರು ಮೌನವಾಗಿರಿ ಎನ್ನಲಿಲ್ಲ. ಹುಡುಗ ಹೇಳಿದಂತೆ ಬಾಯಿ ಮುಚ್ಚಿಕೊಂಡಿದ್ದರೆ ನಷ್ಟ ನಿಜ. ಆದರೆ ಬಿಡಿಸಿ ಹೇಳುವುದಕ್ಕೂ ಬೈಯುವುದಕ್ಕೂ ನಡುವೆ ಬಹಳ ಶ್ರಮದ ಅಂತರವಿದೆ. ಬೈಯಲು ಒಂದು ನಿಮಿಷ ಸಾಕು. ಕಲ್ಲಿನಲ್ಲಿ ಏನಿತ್ತು, ಯಾವ ಅಕ್ಷರ ಹೋಯಿತು, ಯಾಕೆ ಹೋಯಿತು ಎಂದು ಹೇಳಲು ಓದಬೇಕು. ಮಸ್ಕಿಯ ಬಂಡೆ ಚಿಕ್ಕವನಿಗೂ ಸಾಧ್ಯ ಎಂದದ್ದು ಶ್ರಮದ ಬಗ್ಗೆಯೇ ಅಲ್ಲವೇ? ಹಾಗೆ ಓದಿದಾಗ ಆ ಸಾಲು ನನಗೆ ಬರೀ ಭರವಸೆಯಾಗಿ ಕಾಣಲಿಲ್ಲ, ಕೆಲಸ ಹಚ್ಚಿದ ಹಾಗೂ ಕಂಡಿತು.

ಕಾಕಾ ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು ಹುಡುಗನಿಗೆ ಒಂದು ಮಾತು ಅಂದರು. "ತಮ್ಮಾ, ಮೂವತ್ತು ವರ್ಷ ಚೀಲ ಹೊತ್ತೀನಿ. ಸಿಟ್ಟಿಲೆ ಎತ್ತಿದ ಚೀಲ ಸೊಂಟಕ್ಕ ಬಡೀತದ." ಹುಡುಗ ನಕ್ಕ, ಆದರೆ ಸೋಲಲಿಲ್ಲ. "ಕಾಕಾ, ನೀವು ಹೊತ್ತಿದ್ದಕ್ಕ ಕೂಲಿ ಎಷ್ಟು ಕೊಟ್ರು, ಅದನ್ನೂ ಹೇಳ್ರಿ" ಎಂದ. ಅದಕ್ಕೆ ಕಾಕಾನ ಬಳಿಯೂ ಉತ್ತರ ಇರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ತಿಂಥಣಿ ಬ್ರಿಜ್ಜಿನ ಮೇಲೆ ಬರುವಾಗ ಕತ್ತಲಾಗಿತ್ತು, ವಾದ ಇನ್ನೂ ನಡೆದಿತ್ತು.

ಅದೇ ಕಲ್ಲಿನ 14ನೆಯ ಶಾಸನದ ಬಗ್ಗೆ ಒಂದು ಸಣ್ಣ ಮಾತು ಸೇರಿಸಬೇಕು, ಅದು ನಮ್ಮ ಗ್ರೂಪಿಗೇ ಬರೆದಂತಿದೆ. ತನ್ನ ಶಾಸನಗಳು ಕೆಲವೆಡೆ ಚಿಕ್ಕದಾಗಿ, ಕೆಲವೆಡೆ ಮಧ್ಯಮವಾಗಿ, ಕೆಲವೆಡೆ ವಿಸ್ತಾರವಾಗಿ ಇವೆ. ಕೆಲವು ಮಾತುಗಳು ಅವುಗಳ ಸವಿಗಾಗಿ, ಜನ ನಡೆದುಕೊಳ್ಳಲಿ ಎಂದು ಮತ್ತೆ ಮತ್ತೆ ಬಂದಿವೆ. ಎಲ್ಲಾದರೂ ಅರೆಬರೆಯಾಗಿದ್ದರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದು. ಫಾರ್ವರ್ಡ್ ಮಾಡುವ ನಾವೆಲ್ಲ ಲಿಪಿಕಾರರೇ. ಬುದ್ಧರು ಹೇಳಿದ್ದೆಂದು ದಿನಾ ಬರುವ ಹೂವಿನ ಚಿತ್ರದ ಸಂದೇಶಗಳಲ್ಲಿ ಅರ್ಧದಷ್ಟಕ್ಕೆ ಯಾವ ಸುತ್ತದ ಆಧಾರವೂ ಇರುವುದಿಲ್ಲ. ಯಾವ ನಿಕಾಯ, ಯಾವ ಸುತ್ತ ಎಂದು ಕೇಳಿ, ಹೇಳದಿದ್ದರೆ ಮುಂದೆ ಕಳಿಸಬೇಡಿ. ಈ ಬರಹವನ್ನೂ ಹಾಗೆಯೇ ಪರೀಕ್ಷಿಸಿ.

ಹುಡುಗನ ವಿಡಿಯೋ ಏನಾಯಿತು ಎಂದು ಮೂರು ಜನ ಖಾಸಗಿಯಾಗಿ ಕೇಳಿದ್ದೀರಿ. ಇದನ್ನು ಬರೆಯುವ ಹೊತ್ತಿಗೆ ಅವನು ಹಾಕಿಲ್ಲ, ಅಳಿಸಿಯೂ ಇಲ್ಲ. ನಿನ್ನೆ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದ. 12ನೆಯ ಶಾಸನದ ಕನ್ನಡ ಅನುವಾದ ಇರುವ ಪುಸ್ತಕ ಕೊಡಿ ಎಂದ. ಓದಿ ನೋಡುತ್ತೇನೆ, ಆದರೆ ಒಪ್ಪಿಕೊಂಡೆ ಎಂದು ತಿಳಿಯಬೇಡಿ ಎಂದೂ ಹೇಳಿದ. ಪುಸ್ತಕ ಅವನ ಕೈಯಲ್ಲಿದೆ.

ಮುಂದಿನ ಭಾನುವಾರದ ಓದಿಗೆ ಕಲ್ಲಿನ ಇನ್ನೊಂದು ಬದಿಯನ್ನು ಇಟ್ಟುಕೊಂಡಿದ್ದೇವೆ, ಪ್ರತ್ಯೇಕ ಶಾಸನಗಳನ್ನು. ಪ್ರಜೆಗಳೆಲ್ಲ ತನ್ನ ಮಕ್ಕಳು ಎಂದು ಅರಸ ಹೇಳುವುದು ಅಲ್ಲಿಯೇ. ನ್ಯಾಯ ನ್ಯಾಯ ನೋಡುವ ಅಧಿಕಾರಿಗಳಿಗೆ ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಸೋಮಾರಿತನ ಇರಬಾರದೆಂದು ಎಚ್ಚರಿಸುವುದೂ ಅಲ್ಲಿಯೇ. ಕಾರಣವಿಲ್ಲದೆ ಯಾರನ್ನೂ ಬಂಧನದಲ್ಲಿ ಇಡಬಾರದು ಎಂಬುದೂ ಅದರಲ್ಲಿದೆ. ಈ ಶಾಸನವನ್ನು ತಿಷ್ಯ ನಕ್ಷತ್ರದ ದಿನ ಓದಿ ಕೇಳಿಸಬೇಕು, ನಡುವೆಯೂ ಓದಬಹುದು, ಕೇಳುವವನು ಒಬ್ಬನೇ ಇದ್ದರೂ ಓದಬಹುದು ಎಂದು ಧೌಲಿಯ ಪಾಠದಲ್ಲಿದೆ. ಭತ್ತದ ಕೊಯ್ಲಿನ ಕಾಲ, ಬರುವವರು ಕಡಿಮೆ ಎಂದು ಗೊತ್ತು. ಬೆಳಿಗ್ಗೆ ಹತ್ತಕ್ಕೆ, ಎಂದಿನ ಜಾಗದಲ್ಲಿ. ಕಾಕಾ ಅಂತೂ ಬರುತ್ತಾರೆ. ಚಹಾದ ಸರದಿ ಈ ಸಲ ಐಟಿಐ ಹುಡುಗನದು.